ಅಂಗಳದಲ್ಲಿ ಒಲೆ ಕಟ್ಟುವ ಕ್ರಮ: ಬಳಕೆದಾರರ ಕೈಪಿಡಿ

ಪರಿಚಯ

ಅಭಿನಂದನೆಗಳು. ನೀವೀಗ ಮನೆಯಂಗಳದಲ್ಲಿ ‘ಫೈರ್‌ಪ್ಲೇಸ್’ ಕಟ್ಟಲು ಹೊರಟಿದ್ದೀರಿ. ಸೊರಬ, ಶಿಕಾರಿಪುರದ ಕಡೆ ಅದು ಮೊದಲಿಂದಲೂ ಇದೆ. ಹೆಸರು ಅಡಿಕೆ ಬೇಯಿಸುವ ಒಲೆ. ಮೊಬೈಲಿನಲ್ಲಿ ನೀವು ನೋಡಿದ ಬೆಂಕಿಯ ಮುಂದೆ ಕೂರಲು ಕುರ್ಚಿ ಬೇಕು. ಇದರ ಮುಂದೆ ಕೂತವರಿಗೆ ಏಳಲು ನೆಪ ಬೇಕು.

ಬೇಕಾಗುವ ಸಾಮಗ್ರಿ

ಚಿರೆಕಲ್ಲು, ಹುತ್ತದ ಮಣ್ಣು, ಸಗಣಿ, ಭತ್ತದ ಹೊಟ್ಟು, ಒಂದು ತಾಮ್ರದ ಹಂಡೆ, ಒಬ್ಬರು ಹಿರಿಯರು. ಕೊನೆಯದನ್ನು ಹುಡುಕಬೇಕಾಗಿಲ್ಲ, ಮೊದಲ ಕಲ್ಲು ಇಡುವಾಗ ತಾವೇ ಬರುತ್ತಾರೆ. ಹುತ್ತದ ಮಣ್ಣೇ ಯಾಕೆಂದರೆ ಅದು ಗೆದ್ದಲು ಜರಡಿ ಹಿಡಿದು ಕೊಟ್ಟ ಮಣ್ಣು: ನುಣುಪು, ಅಂಟು, ಬಿಟ್ಟಿ.

ಎಚ್ಚರಿಕೆ: ಚೆಂದ ಕಂಡಿತೆಂದು ಹೊಳೆಗಲ್ಲು ತರಬೇಡಿ. ವರದೆಯದಾಗಲಿ ಕುಮುದ್ವತಿಯದಾಗಲಿ, ನೀರು ಕುಡಿದ ಕಲ್ಲು ಕಾದರೆ ಒಳಗಿನ ತೇವ ಆವಿಯಾಗಿ ಸಿಡಿಯಬಹುದು.

ಹಂತ 1: ಜಾಗ

ವಾಸ್ತು ಪ್ರಕಾರ ಬೆಂಕಿಗೆ ಆಗ್ನೇಯ ಮೂಲೆ. ನಾನೂ ಅಲ್ಲೇ ಕಟ್ಟಿದೆ. ಆದರೆ ಕೊನೆಕೊಯ್ಲಿನ ಕಾಲದಲ್ಲಿ ಬೀಸುವ ಮೂಡಗಾಳಿ ವಾಸ್ತು ಓದಿರಲಿಲ್ಲ. ಮೂರು ದಿನ ಜಗಲಿಯಲ್ಲಿ ಕೂತು ಅನ್ನದ ಜತೆ ಹೊಗೆಯನ್ನೂ ಉಂಡೆವು. ನಾಲ್ಕನೆಯ ದಿನ ಅಜ್ಜಿ, “ತಮ್ಮಾ, ಒಲೆ ಅಲ್ಲೇ ಇರ್ಲಿ, ಮನೆ ಆಚೆ ಇಡು” ಎಂದರು. ಒಲೆಯನ್ನೇ ಇಟ್ಟೆ.

ಹಂತ 2: ಕಟ್ಟುವುದು

ಮೊಣಕಾಲುದ್ದ ಮೂರು ಕಡೆ ಗೋಡೆ ಎತ್ತಿ, ಒಂದು ಕಡೆ ಬಾಯಿ ಬಿಡಿ. ಹಂಡೆಯ ಹೊಟ್ಟೆ ಒಲೆಯೊಳಗೆ ಇಳಿಯಬೇಕು, ಕಂಠ ಮೇಲೆ ನಿಲ್ಲಬೇಕು. ಕಟ್ಟಿಗೆಯ ಅಡಿಯಿಂದ ಗಾಳಿ ಹೋಗಲು ದಾರಿ ಇಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ತಂಡದವರು ರೂಪಿಸಿದ ಅಸ್ತ್ರ ಒಲೆಯ ಗುಟ್ಟೂ ಇಂಥದೇ: ಬೆಂಕಿಯನ್ನು ಮುಚ್ಚಿಡು, ಅಡಿಯಿಂದ ಗಾಳಿ ಕೊಡು, ಹೊಗೆಗೆ ಕೊಳವೆ ತೋರಿಸು. ಅವರು ಅದನ್ನು ಲೆಕ್ಕ ಹಾಕಿ ಹೇಳಿದರು. ಅಜ್ಜಿ ಬೈದು ಹೇಳಿದರು.

ಹಂತ 3: ಒಣಗಿಸುವುದು

ಅವಸರ ಬೇಡ. ಒಣಗುವಾಗ ಬಿರುಕು ಬಿಡುತ್ತದೆ. ಸಗಣಿ ಕಲಸಿದ ಮಣ್ಣು ಮೆತ್ತಿ. ಮತ್ತೆ ಬಿಡುತ್ತದೆ; ಮತ್ತೆ ಮೆತ್ತಿ. ಇದು ದೋಷವಲ್ಲ, ಒಲೆಯ ಸ್ವಭಾವ.

ಹಂತ 4: ಉರುವಲು

ಒಣ ಸೋಗೆಯಿಂದ ಹೊತ್ತಿಸಿ. ಆಮೇಲೆ ಸೊರಬದವರು ಒಣಗಿದ ಅಡಿಕೆ ಸಿಪ್ಪೆ, ಶಿಕಾರಿಪುರದ ಮೂಡಲ ಕಡೆಯವರು ಕಾಳು ಬಿಡಿಸಿದ ಮೆಕ್ಕೆಜೋಳದ ಬೆಂಡು ಒಟ್ಟಬಹುದು. ಹಸಿ ಸಿಪ್ಪೆ ಹಾಕಿದರೆ ಉರಿ ಬರುವುದಿಲ್ಲ, ನೆಂಟರಿಗೆಲ್ಲ ಕಣ್ಣೀರು ಬರುತ್ತದೆ.

ಹಂತ 5: ಬೆಂಕಿಗೊಂದು ಕೆಲಸ ಕೊಡುವುದು

ಬಹುತೇಕರು ಬಿಡುವ ಹಂತ ಇದು. ಮೆಟ್ಟುಗತ್ತಿಯ ಮುಂದೆ ಕೂತು ಸುಲಿದ ಹಸಿ ಅಡಿಕೆಯನ್ನು ಹಂಡೆಗೆ ಸುರಿದು, ಹಿಂದಿನ ಬೇಯಿಕೆಯ ಚೊಗರು ಬೆರೆಸಿ ಕುದಿಸಬೇಕು. ಬೆಂದಿತೋ ಇಲ್ಲವೋ ಎಂದು ಒಬ್ಬರು ಕಾಯಬೇಕು. ಕಾಯುವವರಿಗೆ ಜತೆ ಬೇಕು, ಜತೆಯವರಿಗೆ ಮಾತು ಬೇಕು, ಮಾತಿಗೆ ಕೆಂಡದಲ್ಲಿ ಸುಟ್ಟ ಗೇರುಬೀಜ ಬೇಕು. ಚಳಿ ಕಾಯಿಸುವುದು ಇದರಲ್ಲಿ ಪುಕ್ಕಟೆ ಸಿಗುವ ಲಾಭ.

ಪಾತ್ರೆ ಇದ್ದಲ್ಲಿ ಜನ ಸೇರುತ್ತಾರೆಂಬುದು ಈ ಸೀಮೆಗೆ ಹೊಸ ಪಾಠವಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಮಠವನ್ನು 1162ರ ಶಾಸನ ವಿದ್ಯೆಗಾಗಿ ಎಷ್ಟು ಹೊಗಳುತ್ತದೋ, ದೀನರು, ಕುಂಟರು, ಕುರುಡರಿಗೆ ಅನ್ನ ಸಿಗುವ ತಾಣವೆಂದೂ ಅಷ್ಟೇ ಹೊಗಳುತ್ತದೆ. ವ್ಯಾಕರಣ, ತರ್ಕಗಳ ಜತೆಗೆ ಅಲ್ಲಿ ಒಲೆಗಳೂ ಉರಿದಿರಬೇಕು.

ದೋಷ ಮತ್ತು ಪರಿಹಾರ

ದೋಷ: ಬೆಂಕಿ ಚೆನ್ನಾಗಿದೆ, ಜನ ಬರುತ್ತಿಲ್ಲ.

ಕಾರಣ: ತೋಟವನ್ನು ಚೇಣಿಗೆ ಕೊಟ್ಟಿದ್ದೀರಿ. ಕೊನೆ ಇಳಿಸಿದವರೇ ಹಸಿ ಅಡಿಕೆಯನ್ನು ಲಾರಿಗೆ ತುಂಬಿಕೊಂಡು ಹೋಗುತ್ತಾರೆ. ಅಂಗಳದ ಒಲೆಗೆ ಕೆಲಸವಿಲ್ಲ.

ನಮ್ಮಲ್ಲೂ ಹಾಗೇ ಆಯಿತು. ಹೋದ ಚಳಿಗಾಲದ ಒಂದು ಸಂಜೆ ಸುಮ್ಮನೆ ಒಲೆ ಹಚ್ಚಿ, ಸುತ್ತ ನಾಲ್ಕು ಕುರ್ಚಿ ಹಾಕಿದೆ. ಆಚೆಮನೆಯ ಅಜ್ಜ ಬೇಲಿಯಾಚೆಯಿಂದಲೇ ಇಣುಕಿದರು.

“ಎಂಥ ಬೇಯ್ತದೆ?”

“ಏನಿಲ್ಲ, ಸುಮ್ನೆ.”

“ಸುಮ್ನೆ ಯಾಕೋ ಕಟ್ಟಿಗೆ ಸುಡ್ತೀಯ?” ಎಂದು ಹೊರಟೇಹೋದರು.

ಪರಿಹಾರ: ಮಾರನೆಯ ದಿನ ಹಂಡೆ ಇಟ್ಟು, ತಳದಲ್ಲಿ ನಾಲ್ಕು ಚೊಂಬು ನೀರು ಬಿಟ್ಟು ಗೆಣಸು ಹಾಕಿದೆ. ಅಜ್ಜ ಬಂದರು. ಕುರ್ಚಿ ಬೇಡವೆಂದು ಸರಿಸಿ ಒಲೆಯ ಬಾಯಿಯ ಹತ್ತಿರ ಕುಕ್ಕರಗಾಲಲ್ಲಿ ಕೂತರು, ಕೊಳ್ಳಿಗಳನ್ನು ಒಳಗೆ ತಳ್ಳಿದರು, ಒಲೆ ಕಟ್ಟಿದ್ದೇ ಸರಿಯಿಲ್ಲ ಎಂದರು. ರಾತ್ರಿ ಹತ್ತಾದರೂ ಏಳಲಿಲ್ಲ. ಗೆಣಸು ಎಂಟಕ್ಕೇ ಬೆಂದಿತ್ತು.