‘ಆ ಪೇಟದ್ದೇ ನಂಗ್ ತಲಿಬಿಸಿ’

ಯಕ್ಷಗಾನದ ಡೇರೆ ಮೇಳದ ಹೊಸ ಪ್ರಸಂಗದ ಮೊದಲ ಪ್ರದರ್ಶನದಲ್ಲಿ ಆಟ ಎಷ್ಟು ಹೊತ್ತು, ಸನ್ಮಾನ ಎಷ್ಟು ಹೊತ್ತು ಎಂದು ಕುಂದಾಪುರ, ಬೈಂದೂರು, ಬ್ರಹ್ಮಾವರದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆಟಕ್ಕೆ ಕಾಲಮಿತಿ ಬಂತು, ಸನ್ಮಾನಕ್ಕೆ ಬರಲಿಲ್ಲ. ಮೊನ್ನೆಯೂ ಅಷ್ಟೆ. ನಾಗಕನ್ನಿಕೆ ಶಾಪ ಕೊಡಲು ಕೈ ಎತ್ತಿದಳು, ಚಂಡೆ ಏರಿತು, ಅಷ್ಟರಲ್ಲಿ ಮೈಕು ಹಿಡಿದವರೊಬ್ಬರು ‘ಈಗ ಒಂದು ಚಿಕ್ಕ ಸಭಾ ಕಾರ್ಯಕ್ರಮ’ ಎಂದರು. ಆ ಚಿಕ್ಕದು ಮುಗಿಯುವುದರೊಳಗೆ ಎದುರು ಸಾಲಿನ ಮಗು ಮಲಗಿ, ಎದ್ದು, ಮತ್ತೆ ಮಲಗಿತು. ನಾಗಲೋಕ, ಪುನರ್ಜನ್ಮ, ಮಾಯಾ ಖಡ್ಗ ಎಲ್ಲವನ್ನೂ ತಲೆಯೊಳಗಿಂದ ತೆಗೆದುಕೊಟ್ಟ ಪ್ರಸಂಗಕರ್ತರು ಕುರ್ಚಿಯ ತುದಿಯಲ್ಲಿ ಕೂತಿದ್ದರು. ಅಭಿಮಾನಿ ಬಳಗದವರು ಅವರನ್ನು ಸುತ್ತುವರಿದು ನಿಂತು ಕ್ಯಾಮೆರಾ ನೋಡುತ್ತಿದ್ದರು. ಯಾವ ಮೇಳ ಎಂದು ಕೇಳಬೇಡಿ, ಎಲ್ಲ ಕಡೆಯ ಕತೆ ಇದೇ.

ಫೋಟೋ ಮುಗಿದ ಮೇಲೆ ಚೌಕಿಯ ಮೂಲೆಯಲ್ಲಿ ಪೆಟ್ಟಿಗೆಯ ಮೇಲೆ ಬಿದ್ದಿದ್ದ ಶಾಲನ್ನು ಮಾತಾಡಿಸಿದೆ.

*ಸನ್ಮಾನ ಹೇಗಾಯಿತು?*

ಎಂತ ಸನ್ಮಾನ ಮಾರಾಯ್ರೆ! ಆ ಮೈಸೂರ್ ಪೇಟ ಕಂಡ್ರಿಯಾ? ಸೀದಾ ತಲಿ ಮೇಲೆ ಹೋಯಿ ಕೂಕಂತ್. ನಂಗ್ ಹೆಗ್ಲೇ ಗತಿ. ಇದ್ ಯಾವ ಊರ್ ಹೇಳಿ? ಕೇದಗೆ ಮುಂದಲೆ ಕಟ್ಟು ಊರ್. ಮುಂಡಾಸ್ ಕಟ್ಟುಕೆ ಕನ್ನಡಿ ಎದುರ್ ತಾಸ್‌ಗಟ್ಲೆ ಕೂಕಂಬ ಊರ್. ಇಲ್ಲಿನವ್ರೇ ಆ ರೆಡಿಮೇಡ್ ಪೇಟಕ್ಕೆ ತಲಿ ಬಗ್ಗಿಸ್ತ್ರಲೆ!

*ನೀವು ಈ ಊರಿನವರೇ?*

ಹುಟ್ಟಿದ್ದ್ ಎಲ್ಲೋ ಗುಜರಾತ್ ಬದಿ ಮಿಲ್ಲಲ್ಲ್. ಭಾಷಿ ಇಲ್ಲೇ ಕಲ್ತದ್ದ್. ನನ್ನನ್ನ್ ಒಬ್ರಿಗೆ ಹೊದಿಸ್ತ್ರ್, ಅವ್ರ್ ಕಪಾಟಲ್ಲ್ ನುಸಿಗುಳ್ಗಿ ಜೊತಿ ಮಡ್ಚಿ ಇಡ್ತ್ರ್, ಮತ್ತೊಬ್ರ ನಿವೃತ್ತಿಗೆ ದಾಟಿಸ್ತ್ರ್. ಒಂದ್ಸಲ ಹಾಂಗೇ ದಾಟಿ ದಾಟಿ, ಮೊದ್ಲ್ ನನ್ನನ್ನ್ ಕೊಂಡ್ಕಂಡ್ ಬಂದ ಜನದ ಹೆಗ್ಲಿಗೇ ವಾಪಾಸ್ ಹೋಯಿದೆ! ಅವ್ರಿಗೆ ಗುರ್ತ ಸಿಕ್ಕಲಿಲ್ಲೆ. ಪೇಟ ಆರೆ ಎಲ್ರಿಗೂ ಗುರ್ತ.

*ಇಲ್ಲಿಗೆ ಬರುವಾಗ 66ನೇ ಹೆದ್ದಾರಿಯಲ್ಲೇ ಬಂದಿರಲ್ಲ, ಸಾಸ್ತಾನ ಟೋಲಿನ ಬಗ್ಗೆ ನಿಮ್ಮ ಅಭಿಪ್ರಾಯ?*

ನಾನ್ ಶಾಲ್. ನಂಗೆಂತ ಟೋಲ್?

*ಆದರೂ, ಕುಂದಾಪುರ ಶಾಸ್ತ್ರಿ ಸರ್ಕಲ್ಲಿನ ಫ್ಲೈಓವರ್ ಎಷ್ಟು ವರ್ಷ ಅರ್ಧಕ್ಕೇ ನಿಂತಿತ್ತು! ನಾಗಕನ್ನಿಕೆಗೂ ಅದಕ್ಕಿಂತ ಬೇಗ ಶಾಪವಿಮೋಚನೆ ಆಗುತ್ತದೆ. ಸರ್ವಿಸ್ ರಸ್ತೆ...*

ಹ್ವಾಯ್, ನೀವ್ ಸಂದರ್ಶನಕ್ ಬಂದದ್ದಾ, ಹೆದ್ದಾರಿ ಪ್ರಾಧಿಕಾರಕ್ಕೆ ಅರ್ಜಿ ಕೊಡುಕ್ ಬಂದದ್ದಾ?

*ಸರಿ, ಪ್ರಸಂಗಕರ್ತರ ವಿಷಯಕ್ಕೆ ಬರೋಣ. ಕತೆ ಒಬ್ಬರದು, ಪದ್ಯ ಇನ್ನೊಬ್ಬರದು, ಪೋಸ್ಟರಿನಲ್ಲಿ ವೇಷಧಾರಿಗಳ ಮುಖ. ಬರೆದವರಿಗೆ ಏನು ಸಿಗುತ್ತದೆ?*

ಹಣ್ಣಿನ ಬುಟ್ಟಿ ಸಿಗ್ತ್. ಅದ್ರ ಬಗ್ಗೆ ನಂದೇನ್ ತಕರಾರಿಲ್ಲೆ, ಮನಿ ಮಕ್ಳಾರೂ ತಿಂತ್ರ್. ಸ್ಮರಣಿಕೆ ಟಿವಿ ಮೇಲೆ ಧೂಳ್ ಹಿಡೀತ್, ಅದೂ ಪಾಪ. ಆದ್ರೆ ಪೇಟ ಕಾಣಿ, ಆ ಸೆಕಿಗೆ ಪ್ರಸಂಗಕರ್ತರ ಬೆವ್ರ್ ಕಿವಿ ಮೇಲೆ ಇಳೀತಿತ್ತ್...

*ಶಿವರಾಮ ಕಾರಂತರ ಯಕ್ಷರಂಗದ ಪ್ರಯೋಗಗಳ ಹಕ್ಕು ಯಾರದು ಎಂಬ ತಕರಾರು ಸುಪ್ರೀಂ ಕೋರ್ಟ್ ಹತ್ತಿತು, ಉಯಿಲಿನಲ್ಲಿ ಹಕ್ಕು ಪಡೆದ ಮಾಲಿನಿ ಮಲ್ಯರ ಆ ಮೊಕದ್ದಮೆಯ ತೀರ್ಪು 2009ರಲ್ಲಿ ಬಂತು. 1957ರ ಕೃತಿಸ್ವಾಮ್ಯ ಕಾಯ್ದೆಯ ಲೆಕ್ಕದಲ್ಲಿ ಬರೆದವರು ಹೋದ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಡೇರೆಯ ಪ್ರಸಂಗಕರ್ತರಿಗೆ ಇದನ್ನೆಲ್ಲ ಯಾರು ಹೇಳುತ್ತಾರೆ?*

60 ವರ್ಷ ನಾನ್ ಉಳೂದಿಲ್ಲೆ, ಪಾಲಿಯೆಸ್ಟರ್ ಆರೂ ಜರಿ ಮೊದ್ಲೇ ಕಿತ್ ಹೋತ್. ಪೇಟ ಉಳೀತ್. ಅದ್ರ ಒಳ್ಗ್ ರಟ್ಟಿತ್ತ್.

*ಕಾಳಿಂಗ ನಾವಡರ ಕಾಲದಲ್ಲಿ ಹೇಗಿತ್ತು ಎಂದು ನಿಮ್ಮ ಹಿರಿಯರು ಹೇಳಿದ್ದುಂಟಾ?*

(ಶಾಲು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದ್ದರಲ್ಲಿ ಪೇಟದ ಹೆಸರು ಬರಲಿಲ್ಲ.)

ಗುಂಡ್ಮಿಯವ್ರ್. ಸಾಲಿಗ್ರಾಮ ಮೇಳದ ಭಾಗ್ವತ್ರ್. ‘ನಾಗಶ್ರೀ’ ಬರ್ದದ್ದೂ ಅವ್ರೇ, ಜಾಗಟಿ ಹಿಡ್ದ್ ಪದ್ಯ ಹೇಳಿದ್ದೂ ಅವ್ರೇ. ಅವ್ರ ಪದ್ಯ ಕೇಂಬುಕೇ ಜನ ಟಿಕೆಟ್ ಮಾಡ್ತಿದ್ರ್. 1990ರಲ್ಲಿ ರಸ್ತಿ ಮೇಲೆ ಹೋಯ್ತ್ ಆ ಜೀವ. ಮೂವತ್ತರ ಆಸುಪಾಸ್. ಈಗ ಅವ್ರ ಹೆಸ್ರಲ್ಲ್ ಪ್ರಶಸ್ತಿ ಇತ್ತ್, ಆ ಪ್ರಶಸ್ತಿಗೂ ನಾನೇ ಹೋಯ್ಕ್.

ನೀವ್ ಆಗ್ಳಿಂದ ರಸ್ತಿ ರಸ್ತಿ ಅಂದ್ರಿ. ಈ ಚೌಕಿ ಕಾಣಿ. ಬಣ್ಣ ಅರ್ದ ತೆಗ್ದ್, ಅರ್ದ ಕಿವಿ ಹಿಂದೆ ಬಿಟ್ಕಂಡ್, ಬೈಕ್ ಹತ್ತಿ ಮನಿಗ್ ಹೋಪ ಹುಡ್ಗ್ರ್ ಇವ್ರ್. ಕಣ್ಣಲ್ಲ್ ನಿದ್ರಿ. ಎದ್ರಿಂದ ಲಾರಿ ರಾಂಗ್ ಸೈಡಲ್ಲ್ ಬತ್ತ್. ದೀಪ ಇಲ್ಲೆ, ಡಿವೈಡರ್ ಕಾಂತಿಲ್ಲೆ. ನಾಳಿಗ್ ಬೇರೆ ಊರಲ್ಲ್ ಆಟ ಇತ್ತ್, ಮತ್ತೆ ಗೆಜ್ಜಿ ಕಟ್ಕ್. ಸತ್ತ್ರೆ ವಾಟ್ಸಾಪಲ್ಲ್ ಫೋಟೋ, ಒಂದ್ ಸಂತಾಪ ಸಭಿ. ಸಂಗ್ರಹ ಮಾಡಿ ಕೊಡುಕ್ ಊರವ್ರ ಕೈ ಕಾಯ್ಕ್. ಕಡಿಗೆ ಸತ್ತವ್ನ ಹೆಂಡ್ತಿ ಹೆಗ್ಲ್ ಮೇಲೆ ನನ್ನನ್ನ್ ಹಾಕ್ತ್ರ್. ಆರ್ ತಿಂಗ್ಳ್ ದುಡ್ದದ್ದನ್ನ್ ವರ್ಷಿಡೀ ತಿಂಬ ಮನಿ ಅದ್. ನನ್ನನ್ನ್ ಕೊಟ್ರೆ ಅಂಗ್ಡಿಯವ ಅಕ್ಕಿ ಕೊಡ್ತ್ನಾ? ಅಭಿಮಾನಿ ಬಳಗ ಅಂಬ್ರ್! ಒಬ್ಬ ಭಾಗ್ವತ್ರನ್ನ್ ಕಾರಲ್ಲ್ ಮನಿ ಮುಟ್ಟಿಸುಕೆ ಆತಿಲ್ಲೆ, ಫ್ಲೆಕ್ಸ್ ಹಾಕುಕೆ ಆತ್.

*ಟೋಲಿನ ಬಗ್ಗೆ ಕೇಳಿದಾಗಲೇ ಇದನ್ನು ಹೇಳಬಹುದಿತ್ತಲ್ಲ?*

ನೀವ್ ಕೇಂಡದ್ದ್ ಟೋಲ್. ಅದ್ರಲ್ಲ್ ಹೋಪ ಜನದ ಸುದ್ದಿ ಕೇಂಡಿಲ್ಲೆ.

*ಈ ಹೆದ್ದಾರಿಯ ಬಗ್ಗೆ ಒಂದು ಪ್ರಸಂಗ ಬರೆಸಿದರೆ ಹೇಗೆ? ಗುತ್ತಿಗೆದಾರ ಬಣ್ಣದ ವೇಷ, ಹೊಂಡದಲ್ಲಿ ಪ್ರವೇಶ...*

ಬರ್ಸಿ. ಬರ್ದವ್ರಿಗೆ ದುಡ್ಡ್ ಕೊಡಿ. ಮೊದ್ಲ್ ದುಡ್ಡ್, ಮತ್ತೆ ಶಾಲ್. ದುಡ್ಡಿಲ್ದಿರೆ ನನ್ನನ್ನ್ ಕರೀಬೇಡಿ.

*ಕೊನೆಯದಾಗಿ ಓದುಗರಿಗೆ ಏನಾದರೂ?*

ಓದುಗ್ರಿಗಲ್ಲ, ನಿಮ್ಗೇ ಹೇಳುದ್. ನಾಳಿಗ್ ಪೇಪರಲ್ಲ್ ‘ಶಾಲು ಹೊದಿಸಿ, ಫಲಪುಷ್ಪ ನೀಡಿ ಗೌರವಿಸಲಾಯಿತು’ ಅಂತ ಬರೀಬೇಡಿ. ಹೊದಿಸ್ಲೇ ಇಲ್ಲೆ. ನನ್ನ್ ಒಂದ್ ತುದಿ ಅಧ್ಯಕ್ಷ್ರ್ ಹಿಡ್ಕಂಡ್ರ್, ಮತ್ತೊಂದ್ ತುದಿ ಹಿಡಿಯುಕೆ ಐದ್ ಜನ ಗುದ್ದಾಡ್ರ್, ಫ್ಲ್ಯಾಶ್ ಹೊಡೀತ್, ನಾನ್ ಕೆಳ್ಗ್ ಬಿದ್ದೆ. ಪೇಟ ಮಾತ್ರ ಫೋಟೋದಲ್ಲ್ ಪೂರ್ತಿ ಬಂದಿತ್ತ್ ಕಾಣಿ, ಬೇಕಾರೆ ಕ್ಯಾಮೆರಾದವ್ರನ್ನ್ ಕೇಣಿ.