ಹಂತದ ಮೇಷ್ಟ್ರು

ಹಂತದ ಮೇಷ್ಟ್ರು ಹೈಸ್ಕೂಲಿರುವ ಊರಿನಲ್ಲೆಲ್ಲ ಸಿಗುತ್ತಾರೆ. ಸಂಜೆ ಮನೆಯ ನಡುಮನೆಯಲ್ಲೇ ಟ್ಯೂಷನ್, ಬಲಗೈಯಲ್ಲಿ ಸೀಮೆಸುಣ್ಣ, ಜೇಬಿನಲ್ಲಿ ಕೆಂಪು ಪೆನ್ನು. ಅವರಿಗೆ ಬೇಕಾದದ್ದು ಲೆಕ್ಕದ ಹಂತಗಳು, ಉತ್ತರದ ಮೇಲೆ ಮೋಹವಿಲ್ಲ. ಅದು ಹೇಗೂ ಪುಸ್ತಕದ ಕೊನೆಯಲ್ಲಿದೆಯಲ್ಲ ಎನ್ನುತ್ತಾರೆ.

ಅವರಿಗೆ ಪ್ರಿಯವಾದದ್ದು ಅಪ್ಪ-ಮಗನ ಲೆಕ್ಕ. ಅಪ್ಪನ ವಯಸ್ಸು ಮಗನ ವಯಸ್ಸಿನ ಮೂರರಷ್ಟು. 12 ವರ್ಷ ಕಳೆದರೆ ಎರಡರಷ್ಟು. ಈಗ ಯಾರಿಗೆಷ್ಟು? ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಬೆಳೆದ ಹುಡುಗ ಪ್ರಶ್ನೆ ಮುಗಿಯುವ ಮೊದಲೇ "12, 36 ಸಾರ್" ಎನ್ನುತ್ತಾನೆ. ಉತ್ತರ ಸರಿ. ಮೇಷ್ಟ್ರಿಗೆ ಸಿಟ್ಟು ಬರುವುದೇ ಆಗ. "ಅದು ಉತ್ತರ ಕಣೋ. ಲೆಕ್ಕ ಎಲ್ಲಿ?"

ಲೆಕ್ಕ ಶುರುವಾಗುವುದು 'ಮಗನ ಈಗಿನ ವಯಸ್ಸು ಎಕ್ಸ್ ಆಗಿರಲಿ' ಎಂಬ ವಾಕ್ಯದಿಂದ. ಅದನ್ನು ಬರೆಯುವ ತನಕ ಮೇಷ್ಟ್ರ ಪ್ರಕಾರ ಮಗ ಹುಟ್ಟಿಯೇ ಇಲ್ಲ. ಅಪ್ಪ 3ಎಕ್ಸ್. ಇಬ್ಬರಿಗೂ 12 ಕೂಡಬೇಕು. ಅಪ್ಪನಿಗೊಬ್ಬನಿಗೇ ವಯಸ್ಸಾಗಿಸಿ ಮಗನನ್ನು ಹಾಗೇ ಬಿಡುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಇಬ್ಬರಿಗೂ ಕೂಡಿದರೆ ಬರುವುದು 3ಎಕ್ಸ್ + 12 = 2(ಎಕ್ಸ್ + 12). ಆವರಣ ಬಿಡಿಸಿದರೆ ಬಲಗಡೆ 2ಎಕ್ಸ್ + 24. ಅರ್ಧ ತರಗತಿ ಮುಗ್ಗರಿಸುವುದು ಇಲ್ಲೇ: ಎಕ್ಸ್ ಅನ್ನು ಮಾತ್ರ 2ರಿಂದ ಗುಣಿಸಿ 12ನ್ನು ಮರೆಯುತ್ತಾರೆ. ಹಾಗೆ ಮಾಡಿದರೆ ಎಕ್ಸ್ = 0, ಅಂದರೆ ಅಪ್ಪನೂ ಮಗನೂ ಈಗತಾನೇ ಹುಟ್ಟಿದವರು. ಹುಡುಗರು ಅದಕ್ಕೂ ಸ್ಕೇಲಿನಲ್ಲಿ ಎರಡು ಅಡಿಗೆರೆ ಎಳೆದು ಒಪ್ಪಿಸುತ್ತಾರೆ.

ಮುಂದೆ ಎರಡೂ ಕಡೆಯಿಂದ 2ಎಕ್ಸ್ ಮತ್ತು 12 ಕಳೆದರೆ ಎಕ್ಸ್ = 12. 'ಆಚೆ ಹೋದರೆ ಚಿಹ್ನೆ ಬದಲಾಗುತ್ತೆ' ಎಂಬ ಬಾಯಿಪಾಠ ಮೇಷ್ಟ್ರಿಗೆ ಸೇರದು. ಯಾಕೆ ಬದಲಾಗುತ್ತೆ ಎಂದು ಕೇಳಿ ಕಾಡುತ್ತಾರೆ. ಎರಡೂ ಕಡೆ ಒಂದೇ ಕೆಲಸ ಮಾಡುವ ಈ ಕ್ರಮವನ್ನು ಒಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನ ಅಲ್-ಖ್ವಾರಿಜ್ಮಿ ಚಿಹ್ನೆಗಳೇ ಇಲ್ಲದೆ, ಪೂರ್ತಿ ಮಾತಿನಲ್ಲೇ ವಿವರಿಸಿ ಬರೆದ. ಮೇಷ್ಟ್ರಿಂದ ಪೂರ್ತಿ ಅಂಕ ಪಡೆಯಬಲ್ಲವನು ಬಹುಶಃ ಅವನೊಬ್ಬನೇ. ಸಮಚಿಹ್ನೆಯನ್ನು 1557ರಲ್ಲಿ ಅಚ್ಚಿಗೆ ತಂದವನು ವೇಲ್ಸಿನ ರಾಬರ್ಟ್ ರೆಕಾರ್ಡ್. ಸಮಚಿಹ್ನೆಗಳು ಒಂದರ ಕೆಳಗೊಂದು ನೆಟ್ಟಗೆ ಬರಬೇಕೆಂಬ ಕಾನೂನು ಮಾತ್ರ ಮೇಷ್ಟ್ರದು.

ಕೊನೆಗೆ ತಾಳೆ ನೋಡುವುದು: 12 ವರ್ಷದ ಮೇಲೆ ಮಗನಿಗೆ 24, ಅಪ್ಪನಿಗೆ 48. ಹೊಂದಿತು.

ಇಷ್ಟೆಲ್ಲ ಹಟ ಬರೀ ಚಪಲವಲ್ಲ. ಎಸ್ಸೆಸ್ಸೆಲ್ಸಿ ಗಣಿತದ ಮಾದರಿ ಉತ್ತರಗಳಲ್ಲಿ ಅಂಕವನ್ನು ಅರ್ಧರ್ಧವಾಗಿ ಹಂತಗಳಿಗೇ ಹಂಚಿರುತ್ತಾರೆ. ಕೊನೆಯ ಸಾಲಿನಲ್ಲಿ ಕೂಡುವುದು ತಪ್ಪಿದವನಿಗೂ ಮೇಲಿನ ಸಾಲುಗಳ ಅಂಕ ಉಳಿಯುತ್ತದೆ. ಬರೀ ಉತ್ತರ ಗೀಚಿದವನಿಗೆ ಅಷ್ಟು ಸಿಗುವುದಿಲ್ಲ. ಕಿರಾಣಿ ಅಂಗಡಿಯ ಹುಡುಗ ಇದನ್ನು ನಂಬುವುದು ಪ್ರಿಪರೇಟರಿ ಪರೀಕ್ಷೆಯ ಪೇಪರು ಕೈಗೆ ಬಂದ ಮೇಲೆ.