ಏಕಶಿಷ್ಯ ಸಂಸ್ಕೃತ ಬೋಧನೆ: ಒಂದು ಬಹುಶಿಸ್ತೀಯ ಅಧ್ಯಯನ

1. ವ್ಯಾಪ್ತಿ ಮತ್ತು ಮಿತಿ

ಬೆಂಗಳೂರಿನ ಮನೆಯೊಂದರ ಊಟದ ಮೇಜಿನ ಮೇಲೆ, ಸಂಜೆ ಆರೂವರೆಯಿಂದ ಏಳೂವರೆಯವರೆಗೆ, ಒಬ್ಬ ಬೋಧಕ ಹಾಗೂ ಒಬ್ಬ ಅಧ್ಯೇತೃವಿನ ನಡುವೆ ಘಟಿಸುವ ಜ್ಞಾನಸಂವಹನ ಪ್ರಕ್ರಿಯೆಯನ್ನು (ಆಡುಮಾತಿನಲ್ಲಿ: ಟ್ಯೂಷನ್) ಪ್ರಸ್ತುತ ಸಂಪ್ರಬಂಧವು ಪರಿಕಲ್ಪನಾತ್ಮಕ ನೆಲೆಯಲ್ಲಿ ಅನುಸಂಧಾನಿಸುತ್ತದೆ. ಈ ಕ್ಷೇತ್ರದಲ್ಲಿ ಗಂಭೀರ ಅಧ್ಯಯನಗಳು ನಡೆದಿಲ್ಲ ಎಂದು ಎಲ್ಲ ಸಂಪ್ರಬಂಧಗಳಲ್ಲೂ ಬರೆಯುವುದು ರೂಢಿಯಾದ್ದರಿಂದ ಇಲ್ಲಿಯೂ ಬರೆಯಲಾಗಿದೆ.

2. ಪ್ರಾಕ್ಕಲ್ಪನೆ

ಸಂಸ್ಕೃತವನ್ನು ಕಲಿಯದೆಯೇ ಸಂಸ್ಕೃತದಲ್ಲಿ ಪೂರ್ಣಾಂಕ ಗಳಿಸಲು ಸಾಧ್ಯವಿದೆ. ಇದನ್ನು ಸಾಬೀತುಪಡಿಸುವ ಹೊರೆ ಸಂಶೋಧಕನ ಮೇಲಿಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಅದು ತಾನಾಗಿಯೇ ಸಿದ್ಧವಾಗುತ್ತದೆ.

3. ಚಾರಿತ್ರಿಕ ಚೌಕಟ್ಟು

ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 125 ಅಂಕ, ಉಳಿದವಕ್ಕೆ 100. ಗೋಕಾಕ್ ಸಮಿತಿ 1981ರಲ್ಲಿ, ಕನ್ನಡವೊಂದೇ ಪ್ರಥಮ ಭಾಷೆಯಾಗಲಿ, ಅದಕ್ಕೆ 150 ಅಂಕವಿರಲಿ ಎಂದಿತು. 1982ರಲ್ಲಿ ಆ ವರದಿಯ ಜಾರಿಗಾಗಿ ನಟ ರಾಜ್‌ಕುಮಾರ್ ಬೀದಿಗಿಳಿದರು, ನಾಡೇ ಎದ್ದು ನಿಂತಿತು. ಇಷ್ಟಾಗಿಯೂ ಪ್ರಥಮ ಭಾಷೆಗಳ ಪಟ್ಟಿಯಲ್ಲಿ ಸಂಸ್ಕೃತ ಗಟ್ಟಿಯಾಗಿ ಕೂತಿದೆ. ಹಲವು ಪ್ರಶ್ನೆಗಳಿಗೆ ಉತ್ತರವನ್ನು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆಯಬಹುದು ಎಂಬುದು ಅದರ ವಿಶೇಷ ಆಕರ್ಷಣೆ.

4. ಅಧ್ಯೇತೃಗಳ ಪಂಚವಿಧ ವರ್ಗೀಕರಣ

(ಅ) ವಿಸರ್ಗವಾದಿ. ‘ಬಾಲಕೌ ವನಂ ಗಚ್ಛತಃ’ ಎಂಬ ವಾಕ್ಯ ಕೊಟ್ಟರೆ ಕೊನೆಯ ಪದದ ಮೇಲೆ ಪೆನ್ಸಿಲ್ ಇಟ್ಟು, “ಎರಡು ಚುಕ್ಕಿ ಇದೆಯಲ್ಲ ಸಾರ್, ಪ್ರಥಮಾ ಏಕವಚನ” ಎನ್ನುತ್ತಾನೆ. ಅದು ಕ್ರಿಯಾಪದ ಕಣಪ್ಪಾ, ಇಬ್ಬರು ಹೋಗ್ತಾರೆ ಅಂತ. “ಇಬ್ಬರು ಅಂತ ಎಲ್ಲಿದೆ ಸಾರ್?” ದ್ವಿವಚನ ವಿವರಿಸಿ ಮುಗಿಸುವಷ್ಟರಲ್ಲಿ ಮುಂದಿನ ಪ್ರಶ್ನೆ ಸಿದ್ಧ: “ಇದಕ್ಕೆಷ್ಟು ಮಾರ್ಕ್ಸು?”

(ಆ) ಆವರ್ತನವಾದಿ. ರಾಮ ಶಬ್ದದ ಎಂಟು ಸಾಲು, ಇಪ್ಪತ್ನಾಲ್ಕು ರೂಪಗಳನ್ನು ಉಸಿರು ಬಿಡದೆ ಒಪ್ಪಿಸುತ್ತಾನೆ. ತೃತೀಯಾ ಬಹುವಚನವೊಂದನ್ನೇ ಕೇಳಿದರೆ ಮಗ್ಗಿ ಮರೆತವನಂತೆ ‘ರಾಮಃ ರಾಮೌ ರಾಮಾಃ’ದಿಂದ ಮತ್ತೆ ಹೊರಡಬೇಕು.

(ಇ) ಗೈಡ್‌ನಿಷ್ಠ. ಪಠ್ಯಪುಸ್ತಕ ಈತನ ಮನೆಯಲ್ಲಿ ಇರುವುದಿಲ್ಲ.

(ಈ) ಮತ್ತು (ಉ)... ಬಿಡಿ. ಐದು ಬಗೆ ಎಂದದ್ದು ಸಂಪ್ರಬಂಧಕ್ಕೆ ಮೈ ಬರಲೆಂದು. ಇರುವುದು ಒಂದೇ ಬಗೆ. ತಪ್ಪು ಹುಡುಗರದ್ದೂ ಅಲ್ಲ. “ಗ್ರಾಮರ್ ಎಲ್ಲ ಬೇಡ ಸಾರ್, ಇಂಪಾರ್ಟೆಂಟ್ ಕ್ವೆಶ್ಚನ್ಸ್ ಮಾಡಿಸಿ ಸಾಕು” ಎಂದು ಬಾಗಿಲಲ್ಲೇ ಹೇಳುವವರು ಅಪ್ಪಂದಿರು. ಅದೇ ಅಪ್ಪಂದಿರು ಭಾನುವಾರದ ವಿಚಾರಸಂಕಿರಣದಲ್ಲಿ ಮುಂದಿನ ಸಾಲಲ್ಲಿ ಕೂತು, ಕಂಪ್ಯೂಟರಿಗೆ ಸಂಸ್ಕೃತವೇ ಶ್ರೇಷ್ಠವೆಂದು ನಾಸಾ ಒಪ್ಪಿಕೊಂಡಿದೆ ಎಂಬ ಭಾಷಣಕ್ಕೆ ಚಪ್ಪಾಳೆ ತಟ್ಟುತ್ತಾರೆ. ಆ ಮಾತಿಗೆ ಮೂಲವಾದ, ರಿಕ್ ಬ್ರಿಗ್ಸ್ ಎಂಬ ಸಂಶೋಧಕ 1985ರಲ್ಲಿ ಬರೆದ ಒಂದು ಲೇಖನ ಇಷ್ಟು ವರ್ಷ ನಮ್ಮ ಎಷ್ಟು ಜನ ಭಾಷಣಕಾರರನ್ನು ಸಾಕಿದೆಯೋ! ಪಾಣಿನಿಯ ಸುಮಾರು 4000 ಸೂತ್ರಗಳಲ್ಲಿ ಒಂದನ್ನಾದರೂ ಬಿಡಿಸಿ ಹೇಳಿ ಎಂದರೆ ವೇದಿಕೆಯ ಮೇಲೆ ಎಲ್ಲರಿಗೂ ಒಟ್ಟಿಗೆ ಕೆಮ್ಮು. ದೇವಭಾಷೆಯಂತೆ, ಸಂಸ್ಕೃತಿಯ ಬೇರಂತೆ. ಬೇರಿಗೆ ನೀರೆರೆಯಲು ವಾರಕ್ಕೆರಡು ಗಂಟೆ, ಅದೂ ಮ್ಯಾಥ್ಸ್ ಟ್ಯೂಷನ್ ಇಲ್ಲದ ದಿನ.

5. ವೈಧಾನಿಕತೆ

ಒಬ್ಬನೇ ಶಿಷ್ಯ ಎದುರಿಗಿದ್ದಾಗ ಸಿಗುವ ಸುಖ ಅರವತ್ತು ಮಕ್ಕಳ ತರಗತಿಯಲ್ಲಿ ಸಿಗುವುದಿಲ್ಲ: ಕಾಯಬಹುದು. ಸಾಲನ್ನು ಮುಂದಿಟ್ಟು ಸುಮ್ಮನಿರಬಹುದು. ಮೊದಲು ಕ್ರಿಯಾಪದ ಹುಡುಕು. ಯಾರು? ಏನನ್ನು? ಯಾವುದರಿಂದ? ಯಾರಿಗಾಗಿ? ಪದಗಳು ಎಲ್ಲೆಲ್ಲೋ ಚೆದುರಿ ಬಿದ್ದಿದ್ದರೂ ವಿಭಕ್ತಿ ಪ್ರತ್ಯಯ ಹಿಡಿದು ಒಂದೊಂದನ್ನೇ ಕರೆತಂದು ಕೂರಿಸುವುದಕ್ಕೆ ನಮ್ಮವರು ಅನ್ವಯ ಎಂದರು. ಬಾಣನ ಕಾದಂಬರಿಯಲ್ಲಿ ಪುಟಗಟ್ಟಲೆ ಹರಿಯುವ ವಾಕ್ಯಗಳಿವೆ; ಅಲ್ಲಿಗೂ ಇದೇ ದಾರಿ. ಹುಡುಗ ತಡವರಿಸುತ್ತಾನೆ, ತಪ್ಪು ಕರ್ತೃವನ್ನು ಎಳೆದು ತರುತ್ತಾನೆ, ವಚನ ಹೊಂದಲಿಲ್ಲವೆಂದು ತಾನೇ ಬಿಡುತ್ತಾನೆ, ಇನ್ನೊಂದನ್ನು ಹಿಡಿಯುತ್ತಾನೆ. ಆ ತಡವರಿಕೆಯೇ ಪಾಠ. ಅದು ‘ಸಾಮರ್ಥ್ಯಾಧಾರಿತ ಕಲಿಕಾ ಫಲ’ ಎಂಬ ಯಾವ ನಮೂನೆಯಲ್ಲೂ ತುಂಬಿಸಲು ಬರುವುದಿಲ್ಲ. ಅಷ್ಟರಲ್ಲಿ ಗೈಡ್ ತೆರೆದುಕೊಂಡರೆ ಮುಗಿಯಿತು. ಅನುವಾದ ಅಲ್ಲಿ ಅಚ್ಚಾಗಿ ಕೂತಿದೆ, ಬಾಯಿಪಾಠ ಮಾಡುವುದೊಂದೇ ಬಾಕಿ.

6. ಫಲಿತ ಮತ್ತು ಶಿಫಾರಸು

ಇಂಗ್ಲೆಂಡಿನಲ್ಲಿ ಲ್ಯಾಟಿನ್ನಿಗೂ ಇಂಥದೇ ದಿನಗಳಿದ್ದವು. ಅದು ಬರದಿದ್ದರೆ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಿಗೆ ಪ್ರವೇಶವಿರಲಿಲ್ಲ. 1960ರಲ್ಲಿ ಎರಡೂ ಆ ನಿಯಮ ಕೈಬಿಟ್ಟವು. ಶಾಲೆಗಳಲ್ಲಿ ಲ್ಯಾಟಿನ್ ಓದುವವರು ಕಡಿಮೆಯಾದರು, ನಿಜ. ಆದರೆ ಬೇಡದವರನ್ನು ಎಳೆತಂದು ಕೂರಿಸುವ ಕೆಲಸವಾದರೂ ತಪ್ಪಿತು. ನಾವೂ ಪ್ರಥಮ ಭಾಷೆಯ ಆ ಹೆಚ್ಚಿನ 25 ಅಂಕ ತೆಗೆದು ಎಲ್ಲ ಭಾಷೆಗೂ ನೂರೇ ಮಾಡೋಣ. ಅಂಕದಾಸೆಗೆ ಬರುವವರು ಕನ್ನಡಕ್ಕೆ ಹೋಗಲಿ, ಇಷ್ಟಪಟ್ಟು ಬರುವ ನಾಲ್ಕು ಮಕ್ಕಳು ಸಂಸ್ಕೃತಕ್ಕೆ ಬರಲಿ. ನನ್ನ ಟ್ಯೂಷನ್ ಮನೆಗಳಲ್ಲಿ ಮುಕ್ಕಾಲುಪಾಲು ಕೈತಪ್ಪುತ್ತವೆ. ತಪ್ಪಲಿ.